ಕಾಳಿಗೆ ಅರವತ್ತೈದು ಬ್ಲೌಸ್

ಮೊದಲು ಕಣ್ಣಿಗೆ ಬಿದ್ದಿದ್ದು ಒಂದು ಹನಿ ರಕ್ತ. ಗಿಳಿಹಸಿರು ರೇಷ್ಮೆ ಬ್ಲೌಸ್ ಪೀಸು, ಜರಿ ಅಂಚಿನಿಂದ ಒಂದು ಗೇಣು ಒಳಗೆ. ಸೂಜಿ ಚುಚ್ಚಿಕೊಂಡೆನೇನೋ ಅಂತ ನನ್ನ ಬೆರಳು ನೋಡಿಕೊಂಡೆ. ಏನೂ ಆಗಿರಲಿಲ್ಲ. ಬಟ್ಟೆ ಮೇಜಿನಿಂದ ಜಾರಿ ನನ್ನ ಮಡಿಲ ಮೇಲೆ ಬಿದ್ದಿತ್ತು. ನಮ್ಮ ನಾಯಿ ಕಾಳಿ ಎಂದಿನ ಹಾಗೆ ನನ್ನ ತೊಡೆ ಮೇಲೆ ಮೂತಿ ಇಟ್ಟುಕೊಂಡಿದ್ದಳು. ಅವಳ ಮೂಗಿನ ಎಡಗಡೆ ಹೊಳ್ಳೆಯಿಂದ ಇನ್ನೊಂದು ಹನಿ ಇಳಿಯುತ್ತಿತ್ತು.

ಅದು 2022, ಆಷಾಢದ ಕೊನೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಹೆಚ್ಚೆಂದರೆ ಹದಿನೈದು ದಿನ. ಮದ್ದೂರಿನಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಹಿಂದೆ ಮನೆ, ಮುಂದೆ ಶೆಟರ್ ಹಾಕಿದ ಒಂದು ಕೋಣೆ. ವರ್ಷವಿಡೀ ಹೇಗಾದರೂ ಇರಲಿ, ಆ ಹದಿನೈದು ದಿನ ಮಾತ್ರ ನಮಗೆ ಸುಗ್ಗಿ. ಲೈನಿಂಗ್ ಬ್ಲೌಸಿಗೆ ಆಗ 350 ರೂಪಾಯಿ ತಗೊಳ್ತಿದ್ದೆ. ಈ ರೇಟು ಸ್ವಲ್ಪ ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ.

ಕಾಳಿ ಬಂದಿದ್ದು 2015ರಲ್ಲಿ. ನಮ್ಮನೆಯವರದು ಗೂಡ್ಸ್ ಆಟೊ, ಮದ್ದೂರಿನ ಎಳನೀರು ಮಾರ್ಕೆಟ್ಟಿಗೆ ಬಾಡಿಗೆ ಹೊಡೆಯುತ್ತಾರೆ. ಒಂದು ದಿನ ಲೋಡ್ ಇಳಿಸುವಾಗ ಎಳನೀರಿನ ಗೊನೆಗಳ ಮಧ್ಯೆ ಅಂಗೈಯಗಲದ ಕರಿ ಮರಿಯೊಂದು ಕೂತಿತ್ತಂತೆ. ಯಾವ ತೋಟದಲ್ಲಿ ಹತ್ತಿತೋ, ಯಾರಾದರೂ ಬೇಕಂತಲೇ ಹಾಕಿದರೋ ಗೊತ್ತಿಲ್ಲ. ಶುದ್ಧ ಕಂತ್ರಿ ನಾಯಿ. ಮೈಯೆಲ್ಲ ಕಪ್ಪು, ಎದೆ ಮೇಲೆ ಮಾತ್ರ ಒಂದು ಬಿಳಿ ಮಚ್ಚೆ. ಕಪ್ಪಗಿದೆ ಅಂತ ಕಾಳಿ. ಇಷ್ಟೇ ಹೆಸರಿನ ಕಥೆ.

"ಒಳಕ್ಕೆ ಮಾತ್ರ ಬುಡಬ್ಯಾಡ ಕಣಮ್ಮಿ" ಅಂದಿದ್ದರು ನಮ್ಮತ್ತೆ. ಅದಕ್ಕೇ ಅಂಗಡಿಯಲ್ಲಿ ಜಾಗ ಆಯಿತು. ಮಿಷನ್ನಿನ ಕೆಳಗೆ, ಕತ್ತರಿಸಿ ಉಳಿದ ಚಿಂದಿ ಗುಡ್ಡೆ ಹಾಕಿರ್ತೀನಲ್ಲ, ಅದೇ ಅವಳ ಹಾಸಿಗೆ. ಮಿಷನ್ ಓಡುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ. ದಾರ ಕಿತ್ತುಹೋಗಿ ನಾನು ಸೂಜಿಗೆ ಪೋಣಿಸುವಷ್ಟು ಹೊತ್ತು ತಲೆ ಎತ್ತಿ ನೋಡೋಳು, ಮತ್ತೆ ಮೋಟಾರ್ ಶುರುವಾದರೆ ತಲೆ ಕೆಳಗೆ.

ಮೂಗಿನಲ್ಲಿ ರಕ್ತ ಬರುವ ಒಂದು ವಾರ ಮುಂಚೆಯೇ ಅವಳು ಮುದ್ದೆ ಬಿಟ್ಟಿದ್ದಳು. ಮಂಡ್ಯ ಸೀಮೆ ನಾಯಿ ಮುದ್ದೆ ಬಿಟ್ಟಿತು ಅಂದರೆ ಏನೋ ಆಗಿದೆ ಅಂತಲೇ ಅರ್ಥ. ನಾನು ಕೆಲಸದ ಗಡಿಬಿಡಿಯಲ್ಲಿ ಬಿಸಿಲಿಗೋ ಏನೋ ಅಂದುಕೊಂಡೆ. ಮೈ ಬಿಸಿ ಇತ್ತು ಅಂತ ನಾವು ತಿನ್ನುವ ಜ್ವರದ ಮಾತ್ರೆ ಅರ್ಧ ಮುರಿದು ಕೊಟ್ಟೆ. ಮಾರನೇ ದಿನ ಹತ್ತಿರದ ಒಂದು ಪ್ರೈವೇಟ್ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಅವರು ಮೈ ಮುಟ್ಟಿ ಸಹ ನೋಡಲಿಲ್ಲ, "ಹೀಟ್ ಆಗಿದೆ" ಅಂದು ವಿಟಮಿನ್ ಇಂಜೆಕ್ಷನ್ ಚುಚ್ಚಿ 600 ರೂಪಾಯಿ ತಗೊಂಡರು. ಅವರನ್ನು ಬೈಯೋದಕ್ಕೆ ನನಗೂ ಬಾಯಿಲ್ಲ. ಮನೆಯಲ್ಲೇ ಇದ್ದ ನಾನೇ ನೋಡಿರಲಿಲ್ಲ.

ರಕ್ತ ಬಂದ ದಿನ ಸರ್ಕಾರಿ ಪಶು ಆಸ್ಪತ್ರೆಗೆ ಓಡಿದೆ. ನಮ್ಮ ಮುಂದೆ ಎರಡು ಸೀಮೆ ಹಸು, ಒಂದು ಹೋತ. ಡಾಕ್ಟರು ಕಾಳಿಯ ಮೇಲ್ದುಟಿ ಎತ್ತಿ ಒಸಡನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟರು. "ನೋಡೀಮ್ಮ, ಚೆನ್ನಾಗಿರೋ ನಾಯಿಗೆ ಹೀಗೆ ಒತ್ತಿ ಬಿಟ್ಟರೆ ಎರಡು ಸೆಕೆಂಡಲ್ಲಿ ಗುಲಾಬಿ ಬಣ್ಣ ವಾಪಸ್ ಬರಬೇಕು" ಅಂದರು. ವಾಪಸ್ ಬರೋಕೆ ಅಲ್ಲಿ ಬಣ್ಣವೇ ಇರಲಿಲ್ಲ. ನಾವು ಬಟ್ಟೆ ಮೇಲೆ ಗೆರೆ ಎಳೆಯುವ ಚಾಕ್ ಪೀಸ್ ಇರುತ್ತಲ್ಲ, ಹಾಗಿತ್ತು ಒಸಡು. ಜ್ವರ 104. ನಾಯಿಗೆ ನೂರಾ ಎರಡರವರೆಗೂ ಮಾಮೂಲಿಯಂತೆ, ಅದೂ ಅವತ್ತೇ ಗೊತ್ತಾಗಿದ್ದು. ಜ್ವರದ ಮಾತ್ರೆ ಕೊಟ್ಟೆ ಅಂದಿದ್ದಕ್ಕೆ ಚೆನ್ನಾಗಿ ಉಗಿಸಿಕೊಂಡೆ. ನಮ್ಮ ಜ್ವರದ ಮಾತ್ರೆಗಳನ್ನು ನಾಯಿಯ ಲಿವರ್ ತಡೆಯಲ್ಲವಂತೆ.

ಆಮೇಲೆ ಅವರು ಕಾಲ್ಬೆರಳ ಸಂದಿ ಬಿಡಿಸಿ ತೋರಿಸಿದರು. ಕಿವಿಯ ಮಡಿಕೆ ಒಳಗೂ ತೋರಿಸಿದರು. ಹುಣಸೆಬೀಜದ ಬಣ್ಣದ ಉಣ್ಣೆಗಳು. ಕೆಲವು ರಕ್ತ ಕುಡಿದು ಅವರೆಕಾಳಿನಷ್ಟು ಉಬ್ಬಿದ್ದವು. ಏಳು ವರ್ಷದಿಂದ ದಿನಾ ಅದೇ ತಲೆ ಸವರಿದ್ದೀನಿ, ಒಂದು ದಿನ ಬೆರಳ ಸಂದಿ ನೋಡಿರಲಿಲ್ಲ.

ಉಣ್ಣೆ ಜ್ವರ. ಎರ್ಲಿಕಿಯಾ ಅಂತ ಬ್ಯಾಕ್ಟೀರಿಯಾ. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರಿ ಬಿಳಿ ರಕ್ತಕಣದೊಳಗೆ ಮನೆ ಮಾಡುತ್ತೆ. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಬಿದ್ದು ಹೋಗುತ್ತೆ, ಅದಕ್ಕೇ ಮೂಗಲ್ಲಿ ರಕ್ತ. ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂತಿದ್ದು ಆಮೇಲೆ ಎದ್ದು ಬರುತ್ತಂತೆ. ಮನೆಗೆ ಬಂದು ಹೇಳಿದಾಗ ಅತ್ತೆಗೆ ಮೊದಲು ಹೊಳೆದಿದ್ದು ಟಿವಿಯಲ್ಲಿ ನೋಡಿದ ಮಂಗನ ಕಾಯಿಲೆ. "ನಮ್ಗೂ ಬಂದದಾ?" ಅಂದರು. ಅದು ಬೇರೆ, 1957ರಲ್ಲಿ ಶಿವಮೊಗ್ಗ ಕಡೆ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ ವೈರಸ್ಸು, ಅದರ ಉಣ್ಣೆಯೂ ಬೇರೆ ಅಂತ ಡಾಕ್ಟರು ಹೇಳಿದ್ದನ್ನು ನಾನು ಒಪ್ಪಿಸಿದೆ. ನಂಬಿದರೋ ಇಲ್ಲವೋ, ಆ ವಾರ ಪೂರ್ತಿ ಅವರು ಮಂಚದ ಮೇಲೆ ಕಾಲು ಮಡಿಸಿಕೊಂಡೇ ಕೂತಿದ್ದರು.

ರಕ್ತ ಪರೀಕ್ಷೆ 700 ರೂಪಾಯಿ. ಎರಡು ಬ್ಲೌಸ್. ಆವತ್ತಿಂದ ನನಗೆ ಈ ಚಟ ಹತ್ತಿತು. ಯಾವ ಬಿಲ್ ಕೊಟ್ಟರೂ ಮೊದಲು ಬ್ಲೌಸಿಗೆ ಭಾಗಿಸಿ ನೋಡೋದು. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ 18,000 ಇತ್ತು, ಎರಡು ಲಕ್ಷದ ಮೇಲಿರಬೇಕಿತ್ತು. ಹಿಮೋಗ್ಲೋಬಿನ್ 4.2. "ಮಾತ್ರೆ ಕೆಲಸ ಮಾಡೋಷ್ಟು ದಿನ ಇದು ತಡೀಬೇಕಲ್ಲ. ರಕ್ತ ಕೊಡಿಸಿ. ಮೈಸೂರಿಗೆ ಹೋಗಿ" ಅಂದರು ಡಾಕ್ಟರು.

ನಾಯಿಗೆ ರಕ್ತ ಕೊಡಿಸೋದು ಅಂದರೆ ಎಲ್ಲಿಂದ ತರೋದು? ಇನ್ನೊಂದು ನಾಯಿಯಿಂದಲೇ. ಇಪ್ಪತ್ತೈದು ಕೆಜಿ ಮೇಲಿರಬೇಕು, ತೀರಾ ಮುದಿಯಾಗಿರಬಾರದು, ಲಸಿಕೆ ಆಗಿರಬೇಕು, ಅದಕ್ಕೂ ಉಣ್ಣೆ ಜ್ವರ ಇರಬಾರದು. ನನ್ನ ಗಿರಾಕಿ ಒಬ್ಬರ ರೈಸ್‌ಮಿಲ್ಲಿನಲ್ಲಿ ರಾಜ ಅಂತ ಲ್ಯಾಬ್ರಡಾರ್ ಇತ್ತು. 34 ಕೆಜಿ. ಫೋನ್ ಮಾಡಿ ಕೇಳೋಕೆ ನಾಲಿಗೆಯೇ ಹೊರಳಲಿಲ್ಲ. "ಅಕ್ಕ, ನಿಮ್ಮ ರಾಜನ ರಕ್ತ ಬೇಕಿತ್ತು" ಅಂತ ಹೇಗೆ ಕೇಳ್ತೀರಾ? ಅವರು ಒಂದು ನಿಮಿಷ ಸುಮ್ಮನಿದ್ದು, "ಅವನಿಗೇನೂ ಆಗಲ್ಲ ತಾನೆ?" ಅಂತ ಮಾತ್ರ ಕೇಳಿದರು. ನಾದಿನಿ ಮನೆಯ ಓಮ್ನಿಯಲ್ಲಿ ಎರಡೂ ನಾಯಿ, ನಾವು ಮೂವರು. ಎಕ್ಸ್‌ಪ್ರೆಸ್‌ವೇ ಕೆಲಸ ನಡೀತಿತ್ತು ಆಗ, ದಾರಿಯುದ್ದಕ್ಕೂ ಧೂಳು, ಡೈವರ್ಷನ್ನು. ರಾಜ ಕಿಟಕಿಯಿಂದ ತಲೆ ಹೊರಗೆ ಹಾಕಿ ಟೂರಿಗೆ ಹೊರಟವನ ಹಾಗೆ ಕೂತಿದ್ದ. ಕಾಳಿ ನನ್ನ ಕಾಲ ಮೇಲೆ ಮಲಗಿದವಳು ಕಣ್ಣು ಬಿಡಲಿಲ್ಲ.

ಮೈಸೂರಿನಲ್ಲಿ ಎರಡರ ರಕ್ತವನ್ನೂ ಸ್ವಲ್ಪ ಬೆರೆಸಿ ಹೊಂದುತ್ತಾ ನೋಡಿದರು. ನಾಯಿಗಳಿಗೂ ರಕ್ತದ ಗುಂಪು ಇದೆ. ಆದರೆ ಮೊದಲ ಸಲ ಕೊಡುವಾಗ ಸಾಮಾನ್ಯವಾಗಿ ತೊಂದರೆ ಆಗಲ್ಲ, ಎರಡನೇ ಸಲ ಜಾಸ್ತಿ ಹುಷಾರಾಗಿರಬೇಕು ಅಂದರು. ರಾಜನ ಕತ್ತಿನ ಕೂದಲು ಬೋಳಿಸಿ ಅಲ್ಲಿಂದಲೇ ರಕ್ತ ತೆಗೆದರು. ನಾವು ರಕ್ತದಾನ ಮಾಡಿದಾಗ ತುಂಬುವಂಥದೇ ಚೀಲ. ಅವನ ಒಡತಿ ಅವನ ಮುಖ ಎರಡೂ ಕೈಯಲ್ಲಿ ಹಿಡಿದು ಅದೇನೋ ಪಿಸುಗುಡುತ್ತಿದ್ದರು. ಪುಣ್ಯಾತ್ಮ ಅಲುಗಾಡಲಿಲ್ಲ. ಮುಗಿದ ಮೇಲೆ ಬೇಯಿಸಿದ ಕೋಳಿ ಒಂದು ಬಟ್ಟಲು ತಿಂದು ಬಾಲ ಆಡಿಸಿದ.

ಕಾಳಿಗೆ ಅದು ಹನಿಹನಿಯಾಗಿ ಹೋಗೋಕೆ ನಾಲ್ಕು ಗಂಟೆ ಹಿಡಿಯಿತು. ಮೊದಲ ಅರ್ಧ ಗಂಟೆ ನರ್ಸು ಪಕ್ಕದಲ್ಲೇ ನಿಂತು ಮೈ ನಡುಗುತ್ತಾ, ಮುಖ ಊದುತ್ತಾ ಅಂತ ನೋಡುತ್ತಿದ್ದರು. ನಾನು ನೋಡುತ್ತಿದ್ದಿದ್ದು ಒಸಡನ್ನು. ಸಾಯಂಕಾಲದ ಹೊತ್ತಿಗೆ ಚಾಕ್ ಬಣ್ಣ ಹೋಗಿ ತೆಳ್ಳಗೆ, ಹಳೇ ರವಿಕೆ ಬಣ್ಣ ಬಿಟ್ಟ ಹಾಗೆ, ಒಂಚೂರು ಗುಲಾಬಿ ಬಂತು.

ರಕ್ತ, ಡ್ರಿಪ್ಪು, ಎರಡು ದಿನ ಅಲ್ಲೇ ಉಳಿಸಿಕೊಂಡಿದ್ದು ಎಲ್ಲ ಸೇರಿ 11,500. ಕೈಯಲ್ಲಿ ಅಷ್ಟಿರಲಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಿದೆ. ಕಾರಣ ಬರೆಸಬೇಕಲ್ಲ? "ಹೊಲಿಗೆ ಮಿಷನ್ ಮೋಟಾರ್ ರಿಪೇರಿ" ಅಂತ ಬರೆಸಿದೆ. ನಾಯಿಗೆ ಅಂದಿದ್ದರೆ ಕೊಡುತ್ತಿದ್ದರೋ ಇಲ್ಲವೋ, ಊರೆಲ್ಲ ನಗುತ್ತಿದ್ದಿದ್ದಂತೂ ಖಂಡಿತ. ಸಾಲ ತೀರಿದೆ, ಈಗ ಹೇಳಿದರೆ ಪರವಾಗಿಲ್ಲ.

ಮನೆಯಲ್ಲಿ ಜಗಳ ಆಗಿದ್ದು ಈ ಬಿಲ್ಲಿಗೇ. ನಮ್ಮನೆಯವರು ಒಂದು ಮಾತೂ ಆಡಲಿಲ್ಲ. ಅತ್ತೆ ಆಡಿದರು. "ನಾಯಿಗೆ ಹನ್ನೊಂದು ಸಾವ್ರ. ಎರಡು ವರ್ಸದಿಂದ ನಂಗೆ ಮಂಡಿ ನೋವು, ಮುಲಾಮು ತಂದ್ಕೊಟ್ರಿ." ಅಷ್ಟೇ ಹೇಳಿ ಸೊಪ್ಪು ಬಿಡಿಸುತ್ತ ಕೂತರು. ನಾನು ಎದುರು ಮಾತಾಡೋಕೆ ಬಾಯಿ ತೆರೆದೆ, ಹೇಳೋಕೆ ಏನೂ ಸಿಗಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು. ನಾಯಿ ಸಾಕೋರು ಇದನ್ನು ಯಾರೂ ಬರೆಯಲ್ಲ ಅನ್ನಿಸುತ್ತೆ. ದುಡ್ಡು ಖರ್ಚಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಆ ದುಡ್ಡು ಮನೆಯಲ್ಲಿ ಯಾರಿಗೋ ಆಗಬೇಕಾಗಿದ್ದ ಖರ್ಚು ಅಂತ ಹೇಳಲ್ಲ. ಹಬ್ಬ ಕಳೆದ ಮಾರನೇ ವಾರ ಅತ್ತೆಯನ್ನು ಮಂಡ್ಯಕ್ಕೆ ಕರ್ಕೊಂಡು ಹೋಗಿ ಎಕ್ಸ್‌ರೇ ಮಾಡಿಸಿದೆವು. ಮಂಡಿ ಸವೆದಿದೆ ಅಂದರು. ಅದಕ್ಕೂ ಮಾತ್ರೆ, ವ್ಯಾಯಾಮ. ಕಾಳಿಗೆ ಕಾಯಿಲೆ ಬರದಿದ್ದರೆ ನಾನು ಅವರನ್ನು ಆ ವರ್ಷ ಕರ್ಕೊಂಡು ಹೋಗ್ತಿದ್ದೆನಾ? ಗೊತ್ತಿಲ್ಲ.

ಆಮೇಲಿನದು 28 ದಿನದ ಮಾತ್ರೆ. ಡಾಕ್ಸಿಸೈಕ್ಲಿನ್. ಒಂದು ದಿನವೂ ತಪ್ಪಿಸಬೇಡಿ, ಚೆನ್ನಾಗಿ ಕಾಣುತ್ತೆ ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ ಅಂತ ಮೂರು ಸಲ ಹೇಳಿದ್ದರು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಹಾಲು ಮೊಸರಿನ ಜೊತೆ ಕೊಟ್ಟರೆ ಔಷಧ ಪೂರ್ತಿ ಮೈಗೆ ಹತ್ತಲ್ಲ. ಕೊಟ್ಟ ಮೇಲೆ ನೀರು ಕುಡಿಸಬೇಕು, ಗಂಟಲಲ್ಲೇ ನಿಂತರೆ ಸುಡುತ್ತಂತೆ. ಕಾಳಿಗೆ ಮೂರನೇ ದಿನಕ್ಕೇ ಎಲ್ಲ ಅರ್ಥ ಆಯಿತು. ಇಡ್ಲಿಯಲ್ಲಿಟ್ಟರೆ ಇಡ್ಲಿ ತಿಂದು ಮಾತ್ರೆಯನ್ನು ನೀಟಾಗಿ ನೆಲದ ಮೇಲೆ ಇಡೋಳು. ಬೆಲ್ಲದಲ್ಲಿಟ್ಟರೆ ನೆಕ್ಕಿ ನೆಕ್ಕಿ ಬೆಲ್ಲ ಮುಗಿಸಿ ಮಾತ್ರೆ ಉಳಿಸೋಳು. ಕೊನೆಗೆ ದಾರಿ ಸಿಕ್ಕಿದ್ದು ಹೀಗೆ: ಬೇಯಿಸಿದ ಕೋಳಿ ಈಲಿ ಮೂರು ತುಂಡು. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆ ಹಿಡಿದುಕೊಂಡಿರಬೇಕು. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗಿಬಿಡೋಳು.

ಊಟದ ವಿಷಯಕ್ಕೆ ಬಂದಾಗ ಇನ್ನೊಂದು ಗುಟ್ಟು ಹೊರಬಿತ್ತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣವನ್ನು ಒಡೆಯುತ್ತೆ, ಸಾರು ಕಲಸಿದ ಅನ್ನ ಬೇಡವೇ ಬೇಡ ಅಂದಿದ್ದರು ಡಾಕ್ಟರು. ಅದನ್ನು ಮನೆಯಲ್ಲಿ ಹೇಳುತ್ತಿದ್ದಾಗ ಅತ್ತೆಯ ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಬಿಟ್ಟು, "ವಡೆಗೂ ಈರುಳ್ಳಿ ಆಕ್ತಾರಲ್ವಮ್ಮಿ?" ಅಂದರು. ಒಳಗೆ ಬಿಡಬೇಡ ಅಂದಿದ್ದ ಇದೇ ಅತ್ತೆ ಏಳು ವರ್ಷದಿಂದ ಮಧ್ಯಾಹ್ನ ನಾನು ಊಟಕ್ಕೆ ಎದ್ದಾಗ ಅಂಗಡಿಗೆ ಬಂದು, ಮದ್ದೂರು ವಡೆಯ ಗರಿಗರಿ ಅಂಚು ಮುರಿದು ಕಾಳಿಗೆ ಹಾಕುತ್ತಿದ್ದರಂತೆ. ಮದ್ದೂರು ವಡೆಯಲ್ಲಿ ಈರುಳ್ಳಿ ಬಿಟ್ಟರೆ ಇನ್ನೇನಿದೆ! ತನ್ನಿಂದಲೇ ಆಯಿತು ಅಂತ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮುಂದಿನ ಸಲ ಡಾಕ್ಟರನ್ನೇ ಕೇಳಿದೆ. ವಡೆ ಚೂರಿನಿಂದ ಇಷ್ಟಾಗಲ್ಲ, ಇದು ಉಣ್ಣೆಯದೇ ಕೆಲಸ ಅಂದರು. ಆದರೂ ಅತ್ತೆ ಈಗ ವಡೆ ತಿನ್ನೋದು ಅಡುಗೆಮನೆಯ ಬಾಗಿಲು ಹಾಕಿಕೊಂಡು.

ಉಣ್ಣೆಯ ಜೊತೆ ಯುದ್ಧ ನಾಯಿಯ ಮೈಮೇಲಲ್ಲ, ಮನೆಯಲ್ಲಿ. ಇದು ನನಗೆ ಗೊತ್ತೇ ಇರಲಿಲ್ಲ. ರಕ್ತ ಕುಡಿದು ಉದುರಿದ ಒಂದು ಹೆಣ್ಣು ಉಣ್ಣೆ ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಅದರ ಆಯಸ್ಸಿನ ಹೆಚ್ಚು ಭಾಗ ಕಳೆಯೋದು ನಾಯಿಯಿಂದ ಹೊರಗೇ. ನಮ್ಮ ಅಂಗಡಿಯಲ್ಲಿ ಅದು ಎಲ್ಲಿ ಇದ್ದಿರಬಹುದು? ನಾನು ಪ್ರೀತಿಯಿಂದ ಹಾಸಿಕೊಟ್ಟ ಚಿಂದಿ ಗುಡ್ಡೆಯಲ್ಲಿ. ಕೆದಕಿ ನೋಡಿದೆ. ರೇಷ್ಮೆ ಚೂರು, ಕಾಟನ್ ಚೂರು, ಲೈನಿಂಗ್ ಚೂರು, ಅದರೊಳಗೆ ರಾಗಿಕಾಳಿನಷ್ಟು ಸಣ್ಣವು ನೂರಾರು ಹರಿದಾಡುತ್ತಿದ್ದವು. ಎರಡು ಮೂಟೆ ಚಿಂದಿ ಹಿತ್ತಲಲ್ಲಿ ಸುಟ್ಟೆವು. ನಮ್ಮನೆಯವರು ಗೋಡೆ ಬಿರುಕಿಗೆಲ್ಲ ಸಿಮೆಂಟ್ ಮೆತ್ತಿ, ಕಾಳಿ ಇನ್ನೂ ಮೈಸೂರಿನಲ್ಲಿದ್ದಾಗಲೇ ಔಷಧ ಹೊಡೆಸಿದರು. ಮೈಮೇಲಿದ್ದವನ್ನು ನಾನು ಚಿಮುಟದಲ್ಲಿ ಒಂದೊಂದಾಗಿ ಕಿತ್ತು ಸೋಪಿನ ನೀರಿಗೆ ಹಾಕಿದೆ. ಕೈಯಲ್ಲಿ ಹಿಸುಕಬಾರದಂತೆ. ಬ್ಲೌಸಿನ ಹುಕ್ಸ್ ಬಿಚ್ಚುವ ಕೈಗೆ ಆ ಕೆಲಸ ಸುಲಭವಾಗಿಯೇ ಬಂತು.

ಕಾಳಿ ಇಲ್ಲದ ಎರಡು ರಾತ್ರಿ ಇನ್ನೊಂದು ವಿಷಯ ತಿಳಿಯಿತು. ಹಬ್ಬದ ಸೀಸನ್ನಿನಲ್ಲಿ ನಾನು ರಾತ್ರಿ ಒಂದು ಗಂಟೆಯವರೆಗೆ ಹೊಲಿಯುತ್ತೀನಿ. ಸೆಕೆಗೆ ಶೆಟರ್ ಅರ್ಧ ಎತ್ತಿರುತ್ತೆ. ರಸ್ತೆಯಲ್ಲಿ ಕುಡಿದು ಹೋಗುವವರು ಇರ್ತಾರೆ. ಏಳು ವರ್ಷದಲ್ಲಿ ಒಬ್ಬನೂ ಆ ಶೆಟರ್ ಹತ್ತಿರ ನಿಂತಿಲ್ಲ. ನಿಂತರೆ ಮಿಷನ್ ಕೆಳಗಿಂದ ಒಂದು ಗುರ್ ಸಾಕು. ಆ ಎರಡು ರಾತ್ರಿ ಶೆಟರ್ ಪೂರ್ತಿ ಎಳೆದು, ಬೆವರು ಒರೆಸಿಕೊಂಡು ಹೊಲಿದೆ. ಪ್ರತಿ ಸದ್ದಿಗೂ ಮಿಷನ್ ನಿಲ್ಲಿಸಿ ಕಿವಿಗೊಟ್ಟೆ. ದಿನಕ್ಕೆ ಎಂಟು ಬ್ಲೌಸ್ ಆಗುತ್ತಿದ್ದದ್ದು ಐದಕ್ಕೆ ನಿಂತಿತು.

28ನೇ ದಿನ ಪ್ಲೇಟ್‌ಲೆಟ್ 2,10,000. ಆ ಕಾಗದ ಈಗಲೂ ಅಳತೆ ಪುಸ್ತಕದಲ್ಲಿದೆ. ಅದರ ಹಿಂದುಗಡೆ ಲೆಕ್ಕ ಬರೆದಿದ್ದೀನಿ. ಎಲ್ಲ ಸೇರಿ 22,750 ರೂಪಾಯಿ, 350ರಿಂದ ಭಾಗಿಸಿದರೆ ಸರಿಯಾಗಿ 65 ಬ್ಲೌಸ್. ರಾಜನ ಒಡತಿಗೆ ಪುಕ್ಕಟೆ ಹೊಲಿದು ಕೊಟ್ಟ ಎರಡು ಇದರಲ್ಲಿ ಸೇರಿಲ್ಲ. ಇಡೀ ಕಾಯಿಲೆಯನ್ನು ತಡೆಯಬಹುದಾಗಿದ್ದ ಉಣ್ಣೆ ಮಾತ್ರೆ ಬೆಲೆ? ಆ ಲೆಕ್ಕದಲ್ಲಿ ಅದಕ್ಕೂ ಒಂದು ಸಾಲಿದೆ: 1,500. ನಾಲ್ಕು ಬ್ಲೌಸು, ಒಂದು ತೋಳು.

ಆ ದಿನಗಳಲ್ಲೇ ಹಿಸ್ಟರಿ ಲೆಕ್ಚರರ್ ಮೇಡಂ ಒಬ್ಬರು ಅಳತೆ ಕೊಡೋಕೆ ಬಂದಿದ್ದರು. ನಾನು ಎದೆ ಸುತ್ತ ಟೇಪ್ ಹಾಕುತ್ತಿದ್ದೆ, ಅವರು ಕೈ ಎತ್ತಿಕೊಂಡೇ "ಇದರ ಹೆಸರೇನು?" ಅಂದರು. ಕಾಳಿ ಅಂದೆ. "ಅಯ್ಯೋ, ಆತಕೂರು ಕಾಳೀನಾ!" ಅಂತ ನಕ್ಕರು. ಆತಕೂರು ನಮ್ಮ ಮದ್ದೂರು ತಾಲೂಕಿನದೇ. ಅಲ್ಲೊಂದು ಶಾಸನ ಸಿಕ್ಕಿದೆಯಂತೆ, 949-50ನೇ ಇಸವಿಯದು. ಗಂಗರ ಬೂತುಗ ಯುದ್ಧದಲ್ಲಿ ಮೆಚ್ಚಿ ತನ್ನ ವೀರ ಮಣಲೆರನಿಗೆ ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಆಮೇಲೆ ಅದು ದೊಡ್ಡ ಕಾಡುಹಂದಿಯೊಂದರ ಜೊತೆ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ಅಂತಲೂ ಕೆತ್ತಿದ್ದಾರೆ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿಗೆ ಸೇರಿದೆಯಂತೆ. ಮೇಡಂ ಫೋನಿನಲ್ಲಿ ಫೋಟೊ ತೋರಿಸಿದರು. ಮೇಲ್ಗಡೆ ನಾಯಿ, ಹಂದಿ ಒಂದಕ್ಕೊಂದು ಬಿದ್ದು ಕಾದಾಡುತ್ತಿವೆ. ಅತ್ತೆಗೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಭೂಮಿನೇ ಬುಟ್ರಾ ನಾಯ್ಗೆ?" ಅಂದರು. ನಮ್ಮ ಹನ್ನೊಂದು ಸಾವಿರದ ಮಾತು ಆಮೇಲೆ ಬರಲಿಲ್ಲ.

ಈಗ 2025. ಕಾಳಿಗೆ ಹತ್ತು ವರ್ಷ. ಮೂತಿ ಸುತ್ತ ನರೆ ಬಂದಿದೆ. ಖರ್ಚು ನಿಂತಿಲ್ಲ. ಉಣ್ಣೆ ಮಾತ್ರೆ ತಪ್ಪಿಸಲ್ಲ, ವರ್ಷಕ್ಕೊಂದು ರೇಬೀಸ್ ಲಸಿಕೆ, ಆರು ತಿಂಗಳಿಗೊಂದು ರಕ್ತ ಪರೀಕ್ಷೆ. ದುಡ್ಡಿಗಿಂತ ಜಾಸ್ತಿ ಕಾಡೋದು ಮನೆ ಬಿಟ್ಟು ಹೋಗೋಕಾಗಲ್ಲ ಅನ್ನೋದು. ದಾವಣಗೆರೆಯಲ್ಲಿ ಅಣ್ಣನ ಮಗಳ ಮದುವೆಗೆ ನಮ್ಮನೆಯವರು ಒಬ್ಬರೇ ಹೋದರು. ಅಣ್ಣ ಎರಡು ತಿಂಗಳು ಫೋನ್ ಮಾಡಲಿಲ್ಲ. ಧರ್ಮಸ್ಥಳಕ್ಕೆ ಎಲ್ಲರೂ ಒಟ್ಟಿಗೆ ಹೋಗಿ ಹತ್ತು ವರ್ಷವಾಯಿತು. ಮಿಷನ್ ಕೆಳಗೆ ಈಗ ಚಿಂದಿ ಇಲ್ಲ, ಒಗೆಯೋಕೆ ಬರುವ ಒಂದು ಕೌದಿ ಇದೆ. ಅತ್ತೆ ಹೊಲಿದು ಕೊಟ್ಟಿದ್ದು.

ಆ ಗಿಳಿಹಸಿರು ಪೀಸಿನ ಕಥೆ ಉಳಿಯಿತು. ಅವತ್ತು ತಣ್ಣೀರಿನಲ್ಲಿ, ಉಪ್ಪಿನಲ್ಲಿ ಏನೇನೋ ಮಾಡಿದರೂ ಕಂದು ಬಣ್ಣದ ಸಣ್ಣ ಚುಕ್ಕೆ ಹೋಗಲಿಲ್ಲ. ಸೀರೆಯ ಜೊತೆ ಬಂದ ಪೀಸು, ಬೇರೆ ತರೋಕಾಗಲ್ಲ. ಕತ್ತರಿಸುವಾಗ ಲೆಕ್ಕ ಹಾಕಿ ಆ ಚುಕ್ಕೆ ಪಕ್ಕದ ಹೊಲಿಗೆಯ ಮಾರ್ಜಿನ್ನಿಗೆ, ಒಳಗಡೆಗೆ ಬರುವ ಹಾಗೆ ಮಾಡಿದೆ. ಗಿರಾಕಿಗೆ ಹೇಳೋಕೆ ಧೈರ್ಯ ಬರಲಿಲ್ಲ. ಅವರು ಹಾಕಿಕೊಂಡು ಹಬ್ಬ ಮಾಡಿದರು, ಚೆನ್ನಾಗಿ ಕೂತಿದೆ ಅಂದರು.

ಹೋದ ತಿಂಗಳು ಅದೇ ಬ್ಲೌಸ್ ಹಿಡಿದುಕೊಂಡು ಬಂದರು. "ದಪ್ಪ ಆಗಿಬಿಟ್ಟಿದ್ದೀನಿ ಕಣ್ರೀ, ಎರಡೂ ಕಡೆ ಸಡಿಲ ಮಾಡಿಕೊಡಿ. ನಿಂತೇ ಇಸ್ಕೊಂಡು ಹೋಗ್ತೀನಿ." ಅವರ ಕಣ್ಣೆದುರಿಗೇ ಹೊಲಿಗೆ ಬಿಚ್ಚಿದೆ. ಮಾರ್ಜಿನ್ ಹೊರಗೆ ಬಂತು, ಚುಕ್ಕೆಯೂ ಬಂತು. ಕಂಕುಳ ಕೆಳಗೆ, ಕೊತ್ತಂಬರಿ ಬೀಜದಷ್ಟು.

"ಇದೇನ್ರೀ ಇದು?"

ಮಿಷನ್ ನಿಂತಿತ್ತಲ್ಲ, ಕಾಳಿ ತಲೆ ಎತ್ತಿ ಇಬ್ಬರನ್ನೂ ನೋಡುತ್ತಿದ್ದಳು. ನಾನು ಬೆರಳು ತೋರಿಸಿದೆ. ಅವತ್ತಿನದೆಲ್ಲ ಹೇಳಿದೆ. ಅವರು ಬ್ಲೌಸನ್ನು ಬೆಳಕಿಗೆ ಹಿಡಿದು ನೋಡಿದರು, ಮಡಿಸಿದರು, ಮತ್ತೆ ಬಿಡಿಸಿ ನೋಡಿದರು. "ಸೆರಗು ಬರುತ್ತೆ ಬಿಡಿ ಅಲ್ಲಿಗೆ" ಅಂದರು.

ಸಡಿಲ ಮಾಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ. ಹೊಸದೊಂದು ಬ್ಲೌಸನ್ನೂ ಪುಕ್ಕಟೆ ಹೊಲಿದು ಕೊಡ್ತೀನಿ ಅಂದಿದ್ದೀನಿ. ರಿಪೋರ್ಟಿನ ಹಿಂದುಗಡೆ 65 ಹೊಡೆದು ಹಾಕಿ 66 ಅಂತ ಬರೆದೆ.